ಹೊಗೆಯಿಲ್ಲದ ಉದ್ಯಮವೂ ನಮ್ಮ ಮನೆಯ ಉಳಿತಾಯವೂ

ನಮ್ಮ ಹಿರಿಯರು ಈ ಗೋದಾವರಿಯ ಸೀಮೆಗೆ ಬಂದುದು ಹೊಟ್ಟೆಯ ಪಾಡಿಗಾಗಿ. ಉಡುಪಿಯ ಕಡೆಯವರು ಹೋಟೆಲು ಹಾಕಲು ಬಂದರು. ಬ್ಯಾಂಕಿನವರೂ ರೈಲ್ವೆಯವರೂ ವರ್ಗವಾಗಿ ಬಂದರು. 1964ರಲ್ಲಿ ಓಝರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸಿನ ವಿಮಾನ ಕಾರ್ಖಾನೆ ಹುಟ್ಟಿದ ಮೇಲೆ ನಾಸಿಕಕ್ಕೂ ಬೆಂಗಳೂರಿಗೂ ಇನ್ನೊಂದು ನಂಟು ಬೆಳೆಯಿತು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಊರಿನ ಹಪ್ಪಳ ಸಂಡಿಗೆಯ ಡಬ್ಬಿ, ಇಷ್ಟೇ ಅವರು ತಂದ ಬಂಡವಾಳ. ಈಗಿನ ಸಂಗತಿ ಬೇರೆ. ನಮ್ಮ ಹಿಂದೆಯೇ ನಮ್ಮ ನಾಡಿನ ಹಣವೂ ಕೈಗಾರಿಕೆಯೂ ಇತ್ತ ಹೊರಟಿವೆ.

ಛತ್ರಪತಿ ಸಂಭಾಜಿನಗರದಿಂದ ಪೈಠಣದ ದಾರಿ ಹಿಡಿದು ಹೊರಟರೆ ಬಿಡಕೀನ್ ಎಂಬ ಊರು ಸಿಗುತ್ತದೆ. ಅಲ್ಲಿಯೂ ಶೇಂದ್ರೆಯಲ್ಲಿಯೂ ಸೇರಿ ಸುಮಾರು 10,000 ಎಕರೆಯಲ್ಲಿ ‘ಆರಿಕ್’ ಎಂಬ ಕೈಗಾರಿಕಾ ನಗರ ಎದ್ದಿದೆ. ಅದರ ಬಿಡಕೀನ್ ಭಾಗವನ್ನು ಪ್ರಧಾನ ಮಂತ್ರಿಗಳು 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಅರ್ಪಿಸಿದರು. ವಿದ್ಯುತ್ ಸ್ಕೂಟರು ತಯಾರಿಸುವ ಬೆಂಗಳೂರಿನ ಏಥರ್ ಎನರ್ಜಿ ಕಂಪನಿಯವರು ತಮ್ಮ ಹೊಸ ಕಾರ್ಖಾನೆಯನ್ನು ಇಲ್ಲಿ ಕಟ್ಟುವುದಾಗಿ 2024ರಲ್ಲಿ ಸಾರಿದರು. 2,000 ಕೋಟಿ ರೂಪಾಯಿಗೆ ಮೀರಿದ ಬಂಡವಾಳ, ವರ್ಷಕ್ಕೆ 10 ಲಕ್ಷ ಸ್ಕೂಟರು, ಸುಮಾರು 4,000 ಮಂದಿಗೆ ಕೆಲಸ ಎಂಬುದು ಆಗಿನ ಘೋಷಣೆ. ಅದೇ ವರ್ಷದ ಜುಲೈ 31ರಂದು ಟೊಯೋಟಾ ಕಿರ್ಲೋಸ್ಕರ್ ಕಂಪನಿಯವರು ಸುಮಾರು 20,000 ಕೋಟಿ ರೂಪಾಯಿಯ ಕಾರು ಕಾರ್ಖಾನೆಗಾಗಿ ಮಹಾರಾಷ್ಟ್ರ ಸರ್ಕಾರದೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಜೆ.ಎಸ್.ಡಬ್ಲ್ಯು. ಸಮೂಹದವರ ವಿದ್ಯುತ್ ವಾಹನದ ಯೋಜನೆಯ ಮೊಬಲಗು 27,200 ಕೋಟಿ. ಈ ಮೂವರಿಗೂ ಕರ್ನಾಟಕದ ನಂಟುಂಟು. ಒಬ್ಬರ ಮನೆ ಬೆಂಗಳೂರು, ಇನ್ನೊಬ್ಬರ ಕಾರ್ಖಾನೆ ಬಿಡದಿಯಲ್ಲಿ, ಮತ್ತೊಬ್ಬರ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ. ಬಿಡದಿಯಿಂದ ಬಿಡಕೀನಿಗೆ ದಾರಿ ಬಿದ್ದಿತೆನ್ನಬಹುದು.

ಹೆಮ್ಮೆಪಡಬೇಕಾದ ಮಾತೇ. ಆದರೆ ಕಾಗದದ ನಡುವೆ ಬಾಳು ಸವೆಸುವ ಗುಮಾಸ್ತರಾದ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಪ್ಪಂದದ ಕಾಗದ ಬೇರೆ, ಕಾರ್ಖಾನೆಯ ಚಾವಣಿ ಬೇರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಬೇಡ. ಆದರೂ ನಮ್ಮ ಕುಟುಂಬಗಳಲ್ಲಿ ಆಗಲೇ ಎರಡು ಪ್ರಶ್ನೆಗಳು ಎದ್ದಿವೆ. ಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕೀತೆ? ನಮ್ಮ ಕೂಡಿಟ್ಟ ಹಣವನ್ನು ಇಂಥ ಕಂಪನಿಗಳಲ್ಲಿ ಹಾಕಬಹುದೆ? ಈ ಲೇಖನ ಹೆಚ್ಚಾಗಿ ಎರಡನೆಯ ಪ್ರಶ್ನೆಯನ್ನು ಕುರಿತದ್ದು. ಮೊದಲನೆಯದಕ್ಕೂ ಕೊನೆಗೆ ಬರುತ್ತೇವೆ.

ಹಣ ಇತ್ತ ಏಕೆ ಹರಿಯುತ್ತಿದೆ?

ಗಾಳಿಯಿಂದ, ಬಿಸಿಲಿನಿಂದ ವಿದ್ಯುತ್ತು ತೆಗೆಯುವುದು, ಬ್ಯಾಟರಿಯಿಂದ ಬಂಡಿ ಓಡಿಸುವುದು, ಕಸದಿಂದ ಅನಿಲ ಮಾಡುವುದು, ಇವನ್ನೆಲ್ಲ ಒಟ್ಟಾಗಿ ಶುದ್ಧ ತಂತ್ರಜ್ಞಾನವೆಂದು ಕರೆಯುವ ರೂಢಿಯಾಗಿದೆ. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯವರು 2025ರಲ್ಲಿ ಹಾಕಿದ ಅಂದಾಜಿನ ಪ್ರಕಾರ, ಆ ಒಂದು ವರ್ಷದಲ್ಲಿ ಪ್ರಪಂಚವು ಶಕ್ತಿಗಾಗಿ ಹೂಡುವ ಸುಮಾರು 3.3 ಲಕ್ಷ ಕೋಟಿ ಡಾಲರಿನಲ್ಲಿ 2.2 ಲಕ್ಷ ಕೋಟಿ ಡಾಲರು ಇಂಥ ಶುದ್ಧ ಬಾಬುಗಳಿಗೆ, ಅವುಗಳಿಗೆ ಬೇಕಾದ ತಂತಿಜಾಲಕ್ಕೆ ಹೋಗುತ್ತದೆ. ಕಲ್ಲಿದ್ದಲು, ಎಣ್ಣೆ, ಅನಿಲಗಳಿಗೆ ಉಳಿಯುವುದು ಅದರ ಅರ್ಧ.

ಇದು ಬರಿಯ ಧರ್ಮಬುದ್ಧಿಯಿಂದ ಆದುದಲ್ಲ. ಬೆಲೆ ಇಳಿದುದೇ ಮುಖ್ಯ ಕಾರಣ. ನಮ್ಮ ದೇಶದಲ್ಲಿ 2010ರ ಸುಮಾರಿನಲ್ಲಿ ಸೌರ ವಿದ್ಯುತ್ತಿನ ಹರಾಜಾದಾಗ ಯೂನಿಟ್ಟಿಗೆ ಸುಮಾರು 12 ರೂಪಾಯಿ ಬಿದ್ದಿತ್ತು. 2017ರಲ್ಲಿ ರಾಜಸ್ತಾನದ ಭಡ್ಲಾದ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಅಗ್ಗವಾದ ಸರಕನ್ನು ಯಾರು ಬಿಡುತ್ತಾರೆ? 2025ರ ಜೂನ್ ವೇಳೆಗೆ ಭಾರತದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಎಣ್ಣೆಗಳ ಹಂಗಿಲ್ಲದ್ದಾಯಿತು. ಕೇಂದ್ರ ಸರ್ಕಾರವೂ 2023ರ ಜನವರಿಯಲ್ಲಿ ಮೊದಲ ಬಾರಿಗೆ 8,000 ಕೋಟಿ ರೂಪಾಯಿಯ ‘ಹಸಿರು ಸಾಲಪತ್ರ’ಗಳನ್ನು ಮಾರಿತು. ಇಂದೋರಿನ ನಗರಪಾಲಿಕೆ ಅದೇ ಫೆಬ್ರವರಿಯಲ್ಲಿ ಸೌರ ವಿದ್ಯುದಾಗಾರಕ್ಕೆಂದು ಸಾಲಪತ್ರ ಹೊರಡಿಸಿ 244 ಕೋಟಿ ಎತ್ತಿತು. ಅದನ್ನು ಸಾಮಾನ್ಯ ನಾಗರಿಕರೂ ಕೊಂಡರು.

ನಮ್ಮ ಸುತ್ತಮುತ್ತಲೂ ಈ ಗಾಳಿ ಬೀಸಿದೆ. ವೈಜಾಪುರ ತಾಲೂಕಿನ ಧೊಂದಲಗಾವಿನಲ್ಲಿ 2024ರಲ್ಲಿ ರೈತರ ಪಂಪುಗಳಿಗೆ ಹಗಲು ಹೊತ್ತು ವಿದ್ಯುತ್ತು ಕೊಡಲು 3 ಮೆಗಾವಾಟಿನ ಸೌರ ಕೇಂದ್ರ ಆರಂಭವಾಯಿತು. ನಾಸಿಕದ ವಿಲ್ಹೋಳಿಯಲ್ಲಿ ಜರ್ಮನಿಯ ನೆರವಿನಿಂದ, ಕೊಳೆಯುವ ಕಸವನ್ನೂ ಸಾರ್ವಜನಿಕ ಶೌಚಾಲಯಗಳ ಮಲಿನವನ್ನೂ ದಿನಕ್ಕೆ ಒಟ್ಟು 30 ಟನ್ ಕೂಡಿಸಿ ಅನಿಲ ಮಾಡಿ, ಅದರಿಂದ ವಿದ್ಯುತ್ತು ತೆಗೆಯುವ ಘಟಕವನ್ನು 2017ರಲ್ಲಿ ಕಟ್ಟಿದರು. ಹೋಟೆಲುಗಳ ಉಳಿಕೆಯೂ ಇಂಥ ಘಟಕದ ಆಹಾರವೇ. ನಾವು ತಟ್ಟೆಯಲ್ಲಿ ಬಿಟ್ಟ ಇಡ್ಲಿಯೂ ಬೀದಿಗೆ ದೀಪವಾಗಬಹುದೆಂದ ಮೇಲೆ ಈ ವಿದ್ಯೆಯನ್ನು ಹಗುರಾಗಿ ಕಾಣುವಂತಿಲ್ಲ. ನಾಸಿಕ ರೋಡಿನಿಂದ ಏಕಲಹರೆಯ ಕಲ್ಲಿದ್ದಲ ವಿದ್ಯುದಾಗಾರದ ಚಿಮಣಿಗಳನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗಂತೂ ಎರಡರ ವ್ಯತ್ಯಾಸವನ್ನು ಪುಸ್ತಕದಿಂದ ಕಲಿಸಬೇಕಾದುದಿಲ್ಲ.

ಸೂರ್ಯ ಹುಟ್ಟಿದರೂ ಹಣ ಮುಳುಗುವುದೇಕೆ?

ಹೀಗಿರುವಾಗ ಫೋನಿನ ಗುಂಪುಗಳಲ್ಲಿ ದಿನಕ್ಕೊಂದು ‘ಹಸಿರು ಷೇರಿ’ನ ಹೆಸರು ಬರುವುದು ಸಹಜ. ನಮ್ಮ ಪರಿಚಯದ ಹಿರಿಯರೊಬ್ಬರು ಧಾರವಾಡದ ಕಡೆಯವರು. ನಿವೃತ್ತಿಯ ಹಣದಲ್ಲಿ ದೊಡ್ಡದೊಂದು ಪಾಲನ್ನು, ಮಗಳ ಮದುವೆ ಇನ್ನೂ ಆಗಬೇಕಾಗಿರುವಾಗಲೇ, ಇಂಥದೊಂದು ಷೇರಿನಲ್ಲಿ ಹಾಕಿಬಿಟ್ಟರು. ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಅವರ ಮನೆಯಾಕೆ ನಮ್ಮನ್ನು ಕೇಳಿದ ಮಾತು ಇದು: “ತಮ್ಮಾ, ಸೂರ್ಯ ದಿನಾ ಹುಟ್ಟತಾನ. ನಮ್ಮ ರೊಕ್ಕ ಯಾಕ ಮುಳುಗಿತು?”

ಅರ್ಥಶಾಸ್ತ್ರದ ಪಂಡಿತರೂ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಕೇಳಲಾರರು. ಇದಕ್ಕೆ ನಮಗೆ ತೋರಿದ ಉತ್ತರ ಇಷ್ಟು. ಒಳ್ಳೆಯ ಕೆಲಸ, ಒಳ್ಳೆಯ ಕಂಪನಿ, ಒಳ್ಳೆಯ ಬೆಲೆ ಇವು ಮೂರೂ ಬೇರೆ ಬೇರೆ. ಒಂದಿದ್ದ ಮಾತ್ರಕ್ಕೆ ಉಳಿದೆರಡು ಇರಲೇಬೇಕೆಂಬ ನಿಯಮವಿಲ್ಲ. ನಾಲ್ಕು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಗಾಳಿಯ ಕಥೆ. ತುಳಸಿ ತಂತಿಯವರು 1995ರಲ್ಲಿ ಸ್ಥಾಪಿಸಿದ ಸುಜ್ಲಾನ್ ಕಂಪನಿಯ ಗಾಳಿಯಂತ್ರಗಳನ್ನು ನಾಸಿಕದಿಂದ ಧುಳೆಯ ಕಡೆಗೆ ಹೋದವರೆಲ್ಲ ನೋಡಿರುತ್ತಾರೆ. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿಯೂ ಅವರ ಘಟಕ ಬಂತು. 2005ರಲ್ಲಿ ಷೇರನ್ನು ಸಾರ್ವಜನಿಕರಿಗೆ ಮಾರಿದಾಗ ಜನ ಮುಗಿಬಿದ್ದರು. ಕಂಪನಿಯು ಸಾಲ ಮಾಡಿ ಪರದೇಶದ ಕಂಪನಿಗಳನ್ನು ಕೊಂಡಿತು. 2008ರ ಆರಂಭದಲ್ಲಿ, ಒಂದು ಷೇರನ್ನು ಐದಾಗಿ ಒಡೆದ ಮೇಲಿನ ಲೆಕ್ಕದಲ್ಲಿ, 400 ರೂಪಾಯಿಯನ್ನು ದಾಟಿದ್ದ ಷೇರು 2020ರ ಮಾರ್ಚಿನಲ್ಲಿ ಎರಡು ರೂಪಾಯಿಗಿಂತಲೂ ಕೆಳಗಿಳಿಯಿತು. ಗಾಳಿ ನಿಂತಿತೆ? ಇಲ್ಲ. ನಡುವೆ 2012ರಲ್ಲಿ ವಿದೇಶೀ ಸಾಲಪತ್ರಗಳನ್ನು ತೀರಿಸಲಾಗದೆ ಕಂಪನಿಯ ಕೈ ಕಟ್ಟಿತ್ತು. ಮುಂದೆ ಸಾಲ ಇಳಿಸಿಕೊಂಡು ಅದು ಚೇತರಿಸಿಕೊಂಡಿತು, 2024ರಲ್ಲಿ ಷೇರು 80 ರೂಪಾಯಿಯನ್ನು ದಾಟಿತು. ಆದರೆ ಮದುವೆಗೆಂದು ಇಟ್ಟ ಹಣ ಹದಿನಾರು ವರ್ಷ ಕಾಯಬಲ್ಲುದೆ?

ಎರಡನೆಯದು ಬಿಸಿಲಿನ ಕಥೆ. ಸೌರ ಫಲಕದ ಬೆಲೆ ಇಳಿದುದರಿಂದ ಕೊಳ್ಳುವ ನಮಗೆ ಲಾಭ. ಆದರೆ ದುಬಾರಿ ಕಾಲದಲ್ಲಿ ಕಾರ್ಖಾನೆ ಕಟ್ಟಿದವನಿಗೆ ಅದೇ ಶೂಲ. ಒಂದು ಕಾಲಕ್ಕೆ ಪ್ರಪಂಚದಲ್ಲೇ ಅಗ್ರಗಣ್ಯವೆನಿಸಿದ್ದ ಚೀನದ ಸನ್‌ಟೆಕ್ ಕಂಪನಿಯ ಮುಖ್ಯ ಘಟಕ 2013ರಲ್ಲಿ ದಿವಾಳಿಯಾಯಿತು. ಸರಕು ಗೆದ್ದಿತು, ತಯಾರಕನು ಸೋತನು. ಹೊಸ ಉದ್ಯಮದಲ್ಲಿ ಇದು ಮತ್ತೆ ಮತ್ತೆ ನಡೆಯುವ ಮಾತು.

ಮೂರನೆಯದು ಬೆಂಗಳೂರಿನ ಸ್ಕೂಟರುಗಳ ಕಥೆ. ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಎಂಬ ಇಬ್ಬರು ಯುವಕರು 2013ರಲ್ಲಿ ಏಥರನ್ನು ಆರಂಭಿಸಿದರು. ಮೊದಲ ಸ್ಕೂಟರು ಗಿರಾಕಿಯ ಕೈ ಸೇರಿದುದು 2018ರಲ್ಲಿ. ಐದು ವರ್ಷ ಮಾರಾಟವಿಲ್ಲದೆ ನಡೆದ ಅಂಗಡಿಯನ್ನು ಸಾಕಿದವರು ದೊಡ್ಡ ಹಣವಂತರು. ಹೀರೋ ಮೋಟೋಕಾರ್ಪ್ ಕಂಪನಿಯೊಂದೇ 2016ರಲ್ಲಿ 205 ಕೋಟಿ ಹಾಕಿತು. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಏಥರು ಒಂದೂವರೆ ಲಕ್ಷಕ್ಕೆ ಮೀರಿ ಸ್ಕೂಟರು ಮಾರಿಯೂ 812 ಕೋಟಿ ರೂಪಾಯಿ ನಷ್ಟ ತೋರಿಸಿತು. 2025ರ ಏಪ್ರಿಲಿನಲ್ಲಿ ಸಾರ್ವಜನಿಕರಿಗೆ ಷೇರು ಮಾರಿದಾಗ ಬೆಲೆ 321 ರೂಪಾಯಿ, ಕನಿಷ್ಠ 46 ಷೇರು, ಅಂದರೆ 14,766 ರೂಪಾಯಿ. ಹೀಗೆ ಕೂಡಿದ ಹೊಸ ಹಣದಲ್ಲಿ ಸುಮಾರು 927 ಕೋಟಿ ಮಹಾರಾಷ್ಟ್ರದ ಕಾರ್ಖಾನೆಗೆಂದೇ ಮೀಸಲು. ಪೇಟೆಗೆ ಬಂದ ಮೊದಲ ದಿನ ಷೇರು ಕೊಂಡ ಬೆಲೆಗಿಂತ ಕೆಳಗೆ ಮುಗಿಯಿತು. ಅದೇ ವರ್ಷ ಮುಗಿಯುವ ಮುನ್ನ ಎರಡರಷ್ಟನ್ನೂ ಮೀರಿತು. ಅದೇ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಷೇರು 2024ರ ಆಗಸ್ಟಿನಲ್ಲಿ 76 ರೂಪಾಯಿಗೆ ಹೊರಟು, ಅದೇ ತಿಂಗಳು 150ನ್ನು ದಾಟಿ, ಮರುವರ್ಷ 50ಕ್ಕಿಂತ ಕೆಳಗಿಳಿಯಿತು. ಎರಡೂ ಕಂಪನಿಗಳು ಹೊಗೆಯಿಲ್ಲದ ಸ್ಕೂಟರನ್ನೇ ಮಾಡುತ್ತವೆ. ಊರೂ ಒಂದೇ. ಷೇರು ಕೊಂಡವರ ಹಣೆಬರಹ ಮಾತ್ರ ಬೇರೆ. ಜೊತೆಗೆ ಸರ್ಕಾರದ ಕೃಪೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿದ್ಯುತ್ ದ್ವಿಚಕ್ರಗಳಿಗೆ ಬೆಲೆಯ ಶೇಕಡಾ 40ರವರೆಗೆ ಸಿಗುತ್ತಿದ್ದ ಸಹಾಯಧನದ ಮಿತಿ 2023ರ ಜೂನಿನಿಂದ ಶೇಕಡಾ 15ಕ್ಕೆ ಇಳಿಯಿತು. ಒಂದು ಸುತ್ತೋಲೆಯಿಂದ ಒಂದು ಉದ್ಯಮದ ಲೆಕ್ಕವೆಲ್ಲ ಬದಲಾಗುವುದೆಂದರೆ ಇದೇ.

ನಾಲ್ಕನೆಯದು ನಡತೆಯ ಕಥೆ. ಬೆಂಗಳೂರಿನಲ್ಲಿಯೂ ಓಡುತ್ತಿದ್ದ ಬ್ಲೂಸ್ಮಾರ್ಟ್ ಎಂಬ ವಿದ್ಯುತ್ ಟ್ಯಾಕ್ಸಿಗಳಿಗೆ ಕಾರು ಒದಗಿಸುತ್ತಿದ್ದುದು ಜೆನ್‌ಸಾಲ್ ಎಂಜಿನಿಯರಿಂಗ್ ಕಂಪನಿ. ಷೇರು ಪೇಟೆಯ ಕಾವಲುಗಾರನಾದ ಸೆಬಿಯು 2025ರ ಏಪ್ರಿಲ್ 15ರಂದು ಹೊರಡಿಸಿದ ಮಧ್ಯಂತರ ಆದೇಶದಲ್ಲಿ, 6,400 ಕಾರುಗಳಿಗೆಂದು ಸರ್ಕಾರೀ ಹಣಕಾಸು ಸಂಸ್ಥೆಗಳಿಂದ ಸಾಲ ತೆಗೆದು 4,704 ಕಾರುಗಳನ್ನು ಮಾತ್ರ ಕೊಂಡಿರುವುದಾಗಿಯೂ, ಉಳಿದ ಹಣದ ಲೆಕ್ಕ ಸಿಗುತ್ತಿಲ್ಲವೆಂದೂ ಹೇಳಿತು. ಆ ತಿಂಗಳೇ ಟ್ಯಾಕ್ಸಿಗಳು ನಿಂತವು, ಓಡಿಸುತ್ತಿದ್ದ ಚಾಲಕರು ಬೀದಿಗೆ ಬಿದ್ದರು. ಬಂಡಿಯಿಂದ ಹೊಗೆ ಬರಲಿಲ್ಲವೆಂದ ಮಾತ್ರಕ್ಕೆ ಲೆಕ್ಕದ ಪುಸ್ತಕವೂ ಶುದ್ಧವೆನ್ನಲಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿಲ್ಲುವಂಥದು ಯಾವುದು?

ಹಾಗಾದರೆ ಇಂಥ ಉದ್ಯಮಗಳು ಉಳಿಯುವುದೇ ಇಲ್ಲವೆ? ಉಳಿಯುತ್ತವೆ. ಅದಕ್ಕೆ ನಮ್ಮ ನಾಡಿನಲ್ಲಿಯೇ ಹಳೆಯದೊಂದು ಸಾಕ್ಷಿಯಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಧುಮುಕಿನಿಂದ ವಿದ್ಯುತ್ತು ತೆಗೆದು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಕಳಿಸಿದರು. ಅಂದಿನ ಮೈಸೂರು ಸಂಸ್ಥಾನಕ್ಕೆ ಅದು ಸಣ್ಣ ಹಣವಲ್ಲ. ಅದಕ್ಕಾಗಿ ಹೆಣಗಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ತೀರಿಕೊಂಡರು, ಅದು ಹೊತ್ತಿಕೊಂಡುದನ್ನು ನೋಡಲಿಲ್ಲ. ಆದರೆ ಅವರ ಸಾಹಸ ಕುರುಡು ಸಾಹಸವಾಗಿರಲಿಲ್ಲ. ವಿದ್ಯುತ್ತನ್ನು ಕೊಳ್ಳುವುದಾಗಿ ಗಣಿ ಕಂಪನಿಗಳು ಮೊದಲೇ ಕರಾರು ಮಾಡಿಕೊಂಡಿದ್ದವು. ಕೊಳ್ಳುವವನು ಗೊತ್ತಾದ ಮೇಲೆ ಕಟ್ಟಿದರು. ಗಣಿಗೆ ಹೋದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗೂ ಬಂತು.

ಇದೇ ಪಾಠ ತುಮಕೂರು ಜಿಲ್ಲೆಯ ಪಾವಗಡದಲ್ಲಿಯೂ ಕಾಣುತ್ತದೆ. ಸುಮಾರು 13,000 ಎಕರೆಯ ಬರಡು ಭೂಮಿಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಹಬ್ಬಿದೆ. ಸರ್ಕಾರ ರೈತರ ಹೊಲವನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಎಂದು ಗುತ್ತಿಗೆಗೆ ಹಿಡಿಯಿತು. ವಿದ್ಯುತ್ತನ್ನು ಕೊಳ್ಳಲು 25 ವರ್ಷದ ಕರಾರು ಮೊದಲೇ ಆಯಿತು. ಮಳೆ ಕೈಕೊಟ್ಟ ವರ್ಷವೂ ಹೊಲದ ಒಡೆಯನಿಗೆ ಬಾಡಿಗೆ ಬರುತ್ತದೆ. ಆದರೆ ಹೊಲವಿಲ್ಲದೆ ಅವರಿವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲದಾಯಿತು. ಇದನ್ನು ಮುಚ್ಚಿಟ್ಟು ಬರಿಯ ಹೊಗಳಿಕೆ ಬರೆಯುವುದು ನ್ಯಾಯವಲ್ಲ. ಬಿಡಕೀನಿನ ಸುತ್ತಲ ಹಳ್ಳಿಗಳ ಕೂಲಿಕಾರರನ್ನೂ ನಾಳೆ ಯಾರಾದರೂ ನೆನೆಯಬೇಕಾಗುತ್ತದೆ.

ಆದುದರಿಂದ ಯಾವುದಾದರೂ ಹಸಿರು ಕಂಪನಿಯ ಹೆಸರು ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಇದರ ಸರಕನ್ನು ಕೊಳ್ಳುವವರು ಯಾರು, ಎಷ್ಟು ವರ್ಷಕ್ಕೆ? ಸಾಲವೆಷ್ಟು? ಸರ್ಕಾರದ ಸಹಾಯಧನ ನಾಳೆ ನಿಂತರೆ ಬದುಕೀತೆ? ಲೆಕ್ಕ ನೋಡುವವರು ಯಾರು? ಉತ್ತರ ಸಿಗದಿದ್ದಲ್ಲಿ ಹಣ ಹಾಕದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ನಮ್ಮಂಥ ಕುಟುಂಬಗಳು ಮಾಡಬಹುದಾದುದು

ನಮ್ಮ ಅಭಿಪ್ರಾಯದಲ್ಲಿ ಶುದ್ಧ ತಂತ್ರಜ್ಞಾನದಲ್ಲಿ ಹಣ ಹೂಡಲು ಸಾಮಾನ್ಯ ಸಂಸಾರಿಗೆ ಮೂರು ದಾರಿಗಳುಂಟು. ಅವುಗಳಲ್ಲಿ ಷೇರು ಕೊನೆಯದು.

ಮೊದಲನೆಯದು ಸ್ವಂತ ಮಾಳಿಗೆ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿನ ಸೌರ ಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಈ ಮೊತ್ತವನ್ನು ಗೊತ್ತುಮಾಡುವಾಗ ಸರ್ಕಾರ ಹಿಡಿದ ಖರ್ಚು ಸುಮಾರು 1,45,000. ಅಂದರೆ ಕೈಯಿಂದ ಬೀಳುವುದು 67,000. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚಿರುವುದುಂಟು. ಅಷ್ಟು ಫಲಕದಿಂದ ತಿಂಗಳಿಗೆ ಸರಾಸರಿ 300 ಯೂನಿಟ್ಟು ಬರುತ್ತದೆ. ನಿಮ್ಮ ಲೈಟು ಬಿಲ್ಲಿನಲ್ಲಿ ಯೂನಿಟ್ಟಿಗೆ ಎಂಟು ರೂಪಾಯಿ ಬೀಳುತ್ತಿದ್ದು, ಅಷ್ಟು ವಿದ್ಯುತ್ತು ಮನೆಗೆ ಬೇಕಾಗಿದ್ದರೆ, ತಿಂಗಳಿಗೆ 2,400 ಉಳಿತಾಯ. 67,000 ರೂಪಾಯಿ ಇಪ್ಪತ್ತೆಂಟು ತಿಂಗಳಲ್ಲಿ ಮನೆಗೆ ಮರಳಿತು. ಬೆಲೆ ಹೆಚ್ಚಾಗಿ ನಾಲ್ಕು ವರ್ಷವೇ ಹಿಡಿಯಲಿ, ಸ್ಥಿರ ಶುಲ್ಕವನ್ನು ತೆರುತ್ತಲೇ ಇರಬೇಕಾಗಲಿ, ಫಲಕದ ಆಯುಸ್ಸು ಸಾಮಾನ್ಯವಾಗಿ ಇಪ್ಪತ್ತೈದು ವರ್ಷ. ಇಲ್ಲಿ ಕೊಳ್ಳುವವನು ಯಾರೆಂದು ಹುಡುಕಬೇಕಾಗಿಲ್ಲ, ನಾವೇ. ಮನೆಯ ಲೆಕ್ಕ ನೋಡುವ ಗೃಹಿಣಿಯೇ ಈ ಕಂಪನಿಯ ಆಡಿಟರು.

ಸ್ವಂತ ಮಾಳಿಗೆ ಎಲ್ಲರಿಗೂ ಎಲ್ಲಿಂದ ಬರಬೇಕು ಎಂದು ಕೇಳುವಿರಿ. ನಮ್ಮಲ್ಲಿ ಬಹುಮಂದಿ ಫ್ಲಾಟುಗಳಲ್ಲಿರುವವರು. ಗೃಹನಿರ್ಮಾಣ ಸೊಸೈಟಿಗಳ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಂಥ ಸಾಮಾನ್ಯ ಉಪಯೋಗಕ್ಕೂ ಇದೇ ಯೋಜನೆಯಲ್ಲಿ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವಿದೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕೆ ಕೊಡುವ ಹೊತ್ತಿನಲ್ಲಿ ಕಾಲುಭಾಗವನ್ನು ಇದಕ್ಕೆ ಕೊಟ್ಟರೆ ಸಾಕು. ಬಡವರಿಗೂ ಇದು ನಿಲುಕದ ಮಾತಲ್ಲ. ಹರೀಶ್ ಹಂದೆಯವರು 1995ರಲ್ಲಿ ಜೊತೆಗಾರರೊಡನೆ ಆರಂಭಿಸಿದ ಸೆಲ್ಕೋ ಸಂಸ್ಥೆಯು ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಕರ್ನಾಟಕದ ಹಳ್ಳಿಯ ಗುಡಿಸಲುಗಳಿಗೂ ಸೌರ ದೀಪ ತಲುಪಿಸಿತು. ಕಂತು ಮನೆಯ ಆದಾಯಕ್ಕೆ ಹೊಂದಿದರೆ ಬಡವನೂ ತೀರಿಸುತ್ತಾನೆಂಬುದನ್ನು ತೋರಿಸಿದ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಎರಡನೆಯ ದಾರಿ ಮಕ್ಕಳ ಕೈಕಸುಬು. ಮೊದಲು ಬಿಟ್ಟಿದ್ದ ಪ್ರಶ್ನೆಗೆ ಈಗ ಬಂದೆವು. ಕಾರ್ಖಾನೆ ಬಂದಾಗ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರೆಲ್ಲರಿಗೂ ಕೆಲಸ ಸಿಗುವುದಿಲ್ಲ. ಬ್ಯಾಟರಿ, ಮೋಟಾರು, ವಿದ್ಯುನ್ಮಾನ ಸಲಕರಣೆಗಳನ್ನು ಬಲ್ಲವರಿಗೆ ಸಿಗುತ್ತದೆ. ಸಂಭಾಜಿನಗರದಲ್ಲಿಯೇ ಇಂಡೋ-ಜರ್ಮನ್ ಟೂಲ್ ರೂಮ್ ಇದೆ, ನೀಲಿಟ್ ಸಂಸ್ಥೆಯ ಕೇಂದ್ರವಿದೆ. ಎರಡೂ ಊರುಗಳಲ್ಲಿ ಐ.ಟಿ.ಐ.ಗಳಿವೆ. ಮಗ ಬಿ.ಎ. ಮುಗಿಸಿ ಗುಮಾಸ್ತನಾಗುವುದೇ ಮರ್ಯಾದೆಯೆಂಬ ಭಾವನೆ ನಮ್ಮವರಲ್ಲಿ ಇನ್ನೂ ಇದೆ. ಬಿ.ಎ. ಮುಗಿಸಿ ಗುಮಾಸ್ತರಾದ ನಾವೇ ಹೇಳುತ್ತಿದ್ದೇವೆ, ಕೈಕಸುಬಿನಲ್ಲಿ ಕಡಿಮೆ ಮರ್ಯಾದೆಯೇನೂ ಇಲ್ಲ. ಹೆಣ್ಣುಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎರಡನ್ನೂ ಸಲೀಸಾಗಿ ಆಡುವ ನಮ್ಮ ಮಕ್ಕಳು ಬೆಂಗಳೂರಿನ ಕಂಪನಿಯ ಬಿಡಕೀನಿನ ಕಾರ್ಖಾನೆಗೆ ಬೇಡವಾಗುವುದುಂಟೆ?

ಮೂರನೆಯದು ಷೇರು. ಬೇಡವೇ ಬೇಡವೆಂದು ನಾವು ಹೇಳುವುದಿಲ್ಲ. ದೇಶದ ಉದ್ಯಮ ಬೆಳೆಯಬೇಕಾದರೆ ಜನರ ಹಣ ಬೇಕು. ಆದರೆ ಮದುವೆ, ಆಸ್ಪತ್ರೆ, ಫೀಸುಗಳಿಗೆಂದು ಇಟ್ಟ ಹಣ ಅದರಲ್ಲಿ ಸೇರಕೂಡದು. ಹತ್ತು ವರ್ಷ ಮರೆತಿರಬಲ್ಲ ಹಣ ಮಾತ್ರ, ಅದೂ ಒಂದೇ ಕಂಪನಿಯಲ್ಲಲ್ಲ. ಕೇಂದ್ರ ಸರ್ಕಾರದ ನೌಕರರ ನಡತೆಯ ನಿಯಮಗಳಲ್ಲಿ 16ನೆಯದು ಷೇರಿನ ಜೂಜನ್ನು ನಿಷೇಧಿಸುತ್ತದೆ. ಪದೇ ಪದೇ ಕೊಂಡು ಮಾರುವುದನ್ನು ಜೂಜೆಂದೇ ಎಣಿಸುತ್ತದೆ. ನೌಕರಿಯಲ್ಲಿಲ್ಲದವರೂ ಈ ನಿಯಮವನ್ನು ಗೋಡೆಗೆ ಅಂಟಿಸಿಕೊಂಡರೆ ಕೆಡುಕಿಲ್ಲ.

ಒಟ್ಟಿನಲ್ಲಿ, ಈ ಹೊಸ ಉದ್ಯಮ ನಮ್ಮ ಬಾಗಿಲಿಗೆ ಬಂದುದಕ್ಕೆ ಸಂತೋಷಪಡೋಣ. ಆದರೆ ಬಂದವರ ಕೈಗೆ ಮನೆಯ ಬೀಗದ ಕೈಯನ್ನು ಕೊಡುವ ಮೊದಲು ಹೆಸರು, ಊರು, ಸಾಲ ವಿಚಾರಿಸುವುದು ಗೃಹಸ್ಥಧರ್ಮ. ನಮ್ಮ ಸಂಘದಲ್ಲಿ ಬ್ಯಾಂಕಿನಲ್ಲಿ ದುಡಿದವರಿದ್ದಾರೆ, ಎಂಜಿನಿಯರುಗಳಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ. ಮುಂದಿನ ಬಾರಿ ಕೂಡಿದಾಗ ಚಕ್ಕುಲಿ ಕಾಫಿಯ ಜೊತೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಲೈಟು ಬಿಲ್ಲನ್ನು ಜೇಬಿನಲ್ಲಿಟ್ಟುಕೊಂಡು ಬಂದರೆ, ಯಾರ ಮಾಳಿಗೆಗೆ ಏನು ಹೊಂದೀತು ಎಂಬುದನ್ನು ಅರ್ಧ ಗಂಟೆಯಲ್ಲಿ ಕುಳಿತು ಲೆಕ್ಕ ಹಾಕಬಹುದು.